ಬಾಗಿಲವರೆಗೆ ಬಂದು ಹೇಳಿದ್ದು

ಮೊನ್ನೆ ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಹೀಗಾಗುತ್ತದೋ ಏನೋ, ನನಗಂತೂ ಒಂದು ವಾಸನೆ ಬಂದರೆ ಸಾಕು, ಇಡೀ ಓಣಿಯೇ ಕಣ್ಮುಂದೆ ಬಂದು ನಿಲ್ಲುತ್ತದೆ. ಅಂದು ಬಂದದ್ದು ಬೆಟಗೇರಿಯ ನೇಕಾರರ ಓಣಿ, ಅದರ ಹಿಂದೆಯೇ ನನ್ನ ವಿದ್ಯಾರ್ಥಿನಿ ಮುಮ್ತಾಜ್.

ಗದಗಿನಲ್ಲಿ ಎಂ.ಎ. ಓದುವವರಿಗೆ ನಾನು ಆರೋಗ್ಯ ಮತ್ತು ಸಮಾಜದ ಪಾಠ ಮಾಡುತ್ತೇನೆ. ಆ ವರ್ಷ ಹುಮ್ಮಸ್ಸು ಹೆಚ್ಚಾಗಿ, ಯಾರಿಗೆ ಏನು ಕಾಯಿಲೆ ಕೇಳಿಕೊಂಡು ಬನ್ನಿ ಎಂದು ಹುಡುಗರನ್ನು ಬೆಟಗೇರಿಯ ಮನೆಮನೆಗೆ ಅಟ್ಟಿದೆ. ಸಂಜೆ ತಿರುಗಿ ಬಂದವರ ಪ್ರಕಾರ ಅಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲ! ದವಾಖಾನೆಗಳಿಗೆ ಬೀಗ ಹಾಕುವುದೊಂದೇ ಬಾಕಿ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅದೇ ಓಣಿಯ ಮುಮ್ತಾಜ್ ದುಪಟ್ಟಾ ಬಾಯಿಗೆ ಹಿಡಿದು ನಕ್ಕಳು.

"ಮೇಡಂರೀ, ಕುಂತಾಗ ಕೇಳಿದ್ರ ಯಾರು ಹೇಳ್ತಾರ್ರಿ? ಚಾ ಕುಡಿಯೋರ ಮುಂದ ಜಡ್ಡಿನ ಮಾತು ತಗೀಬಾರದಂತ 'ಆರಾಮ ಅದೀವಿ' ಅಂತಾರ. ಎದ್ದು ಹೊಂಟಾಗ ಬಾಗಲತನಕ ಕಳಸಾಕ ಬರ್ತಾರಲ್ರಿ, ಅವಾಗ ಹೇಳ್ತಾರ. ಇವ್ರು ಚಾ ಕುಡದು, ಗಾಡಿ ಕಿಕ್ ಹೊಡದು ಬಂದಾರ."

ಅಂದಿನಿಂದ ನನ್ನ ಪಾಠಕ್ಕೊಂದು ನಿಯಮ ಸೇರಿತು: ಹೊರಡುವಾಗ ಅವಸರ ಮಾಡಬೇಡಿ.

ಮುಂದೊಂದು ದಿನ ಮುಮ್ತಾಜ್ ನನ್ನನ್ನು ಮನೆಗೆ ಕರೆದಳು. ಅವಳ ತಾಯಿ ಖೈರುನ್ನಿಸಾ ಮಗ್ಗದಿಂದೆದ್ದು ಬಂದರು. "ಆರಾಮ ಅದೀರೇನ್ರಿ?" ಎಂದೆ. "ಆರಾಮ ಅದೀನ್ರಿ" ಎಂದು ಮಂಡಕ್ಕಿ ಸೂಸಲದ ತಟ್ಟೆ ಮುಂದಿಟ್ಟರು. ನಾನು ಹೊರಟಾಗ ಮಗಳು ಒಳಗೆ ಕಪ್ಪು ತೊಳೆಯುತ್ತಿದ್ದಳು. ತಾಯಿ ಬಾಗಿಲವರೆಗೆ ಬಂದು, ನನ್ನ ಕೈ ಹಿಡಿದು, ದನಿ ತಗ್ಗಿಸಿದರು.

"ಎದಿಯಾಗ ಗಂಟು ಆಗೈತ್ರಿ ಬಾಯಾರ. ಹೋದ ರಂಜಾನದಿಂದ ಐತಿ. ಅಕಿಗೆ ಹೇಳಬ್ಯಾಡ್ರಿ, ಪರೀಕ್ಷಿ ಮುಗೀಲಿ."

ಅವರ ಮಾತು ಮೀರಿ ಅದೇ ಸಂಜೆ ಮುಮ್ತಾಜಳಿಗೆ ಹೇಳಿದೆ. ಮರುದಿನವೇ ಅವಳು ತಾಯಿಯನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಅಷ್ಟರಲ್ಲಿ ಕಾಲ ಮೀರಿಹೋಗಿತ್ತು. ಮುಂದಿನ ರಂಜಾನಿಗೆ ಆ ತಾಯಿ ಇರಲಿಲ್ಲ.

ಮುಮ್ತಾಜ್ ಈಗ ಮುಂಡರಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಸೀರೆಯ ಮಡಿಕೆ ಬಿಚ್ಚಿದ ದಿನವೇ ಮನಸ್ಸು ತಡೆಯದೆ ಫೋನ್ ಮಾಡಿದೆ. ಮಾತೆಲ್ಲ ಮುಗಿದು ಇನ್ನೇನು ಇಡಬೇಕು, ಆಗ ಕೇಳಿದಳು:

"ಮೇಡಂ, ಅಮ್ಮಿ ನಾನು ಒಂದ ಕೋಣ್ಯಾಗ ಮಲಗತಿದ್ವಿ. ನಿಮಗ ಹೇಳಿದ್ಲು, ನನಗ್ಯಾಕ ಹೇಳಲಿಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ತಾನೇ ಅಂದಳು: "ಮನಿ ಮಗಳನ್ನ ಬಾಗಲತನಕ ಕಳಸಾಕ ಯಾರು ಬರ್ತಾರ ಬಿಡ್ರಿ."

ಫೋನಿಟ್ಟು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಮಗಳು ಎಂದಿನಂತೆ "ಬರ್ತೇನವಾ" ಎಂದು ಕೂಗಿ ಚಪ್ಪಲಿ ಮೆಟ್ಟಿದಳು. ಒಲೆ ಆರಿಸಿ ಬಾಗಿಲಿಗೆ ಹೋದೆ. ನಾನು ಹಾಗೆ ಬಂದು ನಿಂತದ್ದು ಅವಳಿಗೆ ಹೊಸತು.

"ಯಾಕವಾ, ಆರಾಮ ಅದಿಯಿಲ್ಲೋ?"

"ಇಲ್ಲವಾ," ಎಂದೆ. "ಭಾಳ ದಿನಾ ಆತು, ಮೆಟ್ಟಲಾ ಹತ್ತಿದ್ರ ಎದಿ ಹಿಡದಂಗ ಆಗತೈತಿ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.