ಹನ್ನಳ ಮಗುವಿಗೆ ಮುಖ

ಪೆರೊನೆಲ್ ನನ್ನ ಎದುರುಮನೆಯವಳು. ಪ್ಯಾರಿಸಿನ ನಮ್ಮ ಬೀದಿಯಲ್ಲಿ ಕರುವಿನ ಚರ್ಮ ಹದಮಾಡಿ ಹಾಳೆ ಮಾಡುವವರು, ಹಾಳೆಯ ಮೇಲೆ ಬರೆಯುವವರು, ಬರೆದದ್ದಕ್ಕೆ ಬಣ್ಣ ತುಂಬುವವರು, ಕೊನೆಗೆ ಎಲ್ಲ ಹೊಲಿದು ಮರದ ಹಲಗೆಯ ನಡುವೆ ಕಟ್ಟುವವರು, ಎಲ್ಲರೂ ಒತ್ತೊತ್ತಾಗಿ ಬದುಕುತ್ತೇವೆ. ಅವಳದು ಬಣ್ಣ, ನನ್ನದು ಹೊಲಿಗೆ. ಅವಳಿಗೆ ಮಾತು ಕಡಿಮೆ, ನನಗೆ ಹೆಚ್ಚು. ಅದಕ್ಕೇ ಇಷ್ಟು ವರ್ಷ ಹೊಂದಿಕೊಂಡು ಬಂದಿದ್ದೇವೆ.

ಅವಳಿಗೆ ಒಬ್ಬಳೇ ಮಗಳು, ಎಡೆಲಿನ್. ಗಂಡ ಜ್ವರದಲ್ಲಿ ತೀರಿಕೊಂಡ ವರ್ಷವೇ ಮಗುವಿಗೂ ಜ್ವರ ಹತ್ತಿತು. ಮಗು ಉಳಿದರೆ ನಿನಗೇ ಒಪ್ಪಿಸುತ್ತೇನೆಂದು ಪೆರೊನೆಲ್ ದೇವಮಾತೆಯ ಮುಂದೆ ಮೊಣಕಾಲೂರಿ ಹರಕೆ ಹೊತ್ತಳು. ಮಗು ಉಳಿಯಿತು. ಹಾಲುಹಲ್ಲು ಬೀಳುವ ವಯಸ್ಸಿಗೆ ಅದನ್ನು ಊರಾಚೆಯ ಕನ್ಯಾಮಠಕ್ಕೆ ಒಪ್ಪಿಸಿ ಬಂದಳು.

“ಹರಕೆ ಹೊರೋವಾಗ ಒಂದು ಮೇಣದ ಬತ್ತಿ ಅಂದಿದ್ರೆ ಸಾಕಾಗ್ತಿರ್ಲಿಲ್ವೇನೇ?” ಎಂದು ನಾನು ಬೈದೆ.

“ಬತ್ತಿಗೆಲ್ಲ ಇಳಿಯೋ ಜ್ವರ ಅಲ್ಲ ಕಣೇ ಅದು” ಎಂದಳು.

ಆ ಮಠವನ್ನು ಹೊಕ್ಕವರು ಹೊರಗೆ ಬರುವುದಿಲ್ಲ. ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬ ಕಳೆದ ಮೇಲೆ, ತಾಯಂದಿರು ಹೋಗಿ ಮಾತಾಡಿಸಬಹುದು. ಆದರೆ ನಡುವೆ ಕಬ್ಬಿಣದ ಜಾಲರಿ, ಜಾಲರಿಗೆ ಕಪ್ಪು ಬಟ್ಟೆ. ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಇಂಥ ನಿಯಮ ಮಾಡಿದವರು ಹೆತ್ತವರಲ್ಲ, ಅಷ್ಟು ಮಾತ್ರ ನಾನು ಆಣೆಯಿಟ್ಟು ಹೇಳಬಲ್ಲೆ. ಹೋಗಿಬಂದ ದಿನ ಪೆರೊನೆಲ್ ಒಲೆ ಹಚ್ಚುತ್ತಿರಲಿಲ್ಲ. ನಾನೇ ಬಟಾಣಿ ಗಂಜಿ ಒಯ್ದು ಮುಂದಿಡಬೇಕಿತ್ತು.

“ದೊಡ್ಡ ಹೆಂಗಸಿನ ದನಿ ಆಗ್ಬಿಟ್ಟಿದೆ” ಎಂದಳು ಒಂದು ವರ್ಷ. “ಯಾರೋ ಬೇರೆಯವರು ಅನ್ನಿಸ್ತು. ನನ್ನ ಮಗಳು ಈಗ ಹೇಗಿದಾಳೆ ಅಂತ ನಂಗೇ ಗೊತ್ತಿಲ್ವಲ್ಲೇ. ಕಣ್ಣು ಮುಚ್ಚಿದ್ರೆ ಆ ಮುಂದಿನ ಹಲ್ಲಿಲ್ಲದ ಮುಖಾನೇ ಬರುತ್ತೆ.”

ಆಗಲೇ ಆ ಪುಸ್ತಕ ನಮ್ಮ ಬೀದಿಗೆ ಬಂದದ್ದು. ಯಾರೋ ಸಿರಿವಂತ ಪಾದ್ರಿ ಅದೇ ಮಠಕ್ಕೆಂದು ಬೈಬಲ್ಲಿನ ಒಂದು ಭಾಗವನ್ನು ವ್ಯಾಖ್ಯಾನ ಸಮೇತ ಬರೆಸುತ್ತಿದ್ದ. ಹಾಳೆಯ ನಡುವೆ ದೊಡ್ಡ ಅಕ್ಷರದಲ್ಲಿ ದೇವರ ಮಾತು, ಅದರ ಸುತ್ತ ಇರುವೆಗಾತ್ರದ ಅಕ್ಷರದಲ್ಲಿ ಪಂಡಿತರ ಮಾತು. ದೇವರು ಚುಟುಕಾಗಿ ಹೇಳಿ ಸುಮ್ಮನಾಗುತ್ತಾನೆ, ಇವರು ಸುಮ್ಮನಾಗುವುದಿಲ್ಲ. ಬಡಪಾಯಿ ಕರುಗಳ ಚರ್ಮವೆಲ್ಲ ಇವರಿಗೇ ಖರ್ಚು.

ನಮ್ಮಲ್ಲಿ ಒಂದು ಪುಸ್ತಕದ ಬಣ್ಣದ ಕೆಲಸ ಒಬ್ಬರ ಕೈಗೇ ಬರುವುದಿಲ್ಲ. ಹಾಳೆಗಳ ಕಟ್ಟುಗಳನ್ನು ಬಿಡಿಸಿ ಒಂದೊಂದು ಮನೆಗೆ ಒಂದೊಂದು ಹಂಚುತ್ತಾರೆ. ಎಂದೂ ಯಾರನ್ನೂ ಏನೂ ಬೇಡದ ಪೆರೊನೆಲ್, ಹಂಚುವ ವ್ಯಾಪಾರಿ ಎವ್ರಾರನ ಅಂಗಡಿಯ ಮುಂದೆ ಹೋಗಿ ನಿಂತಳು. ಜೊತೆಗೆ ನಾನೂ ಇದ್ದೆ.

“ಯಜಮಾನ್ರೇ, ಹನ್ನಳ ಕಥೆ ಬರೋ ಕಟ್ಟು ನಂಗೆ ಕೊಡಿ.”

“ಯಾಕಮ್ಮಾ, ಅದ್ರಲ್ಲಿ ಚಿನ್ನದ ಕೆಲಸ ಜಾಸ್ತಿ ಅಂತಾನಾ?”

“ಚಿನ್ನ ಬೇಕಾದ್ರೆ ಬೇರೆಯವರ ಹತ್ರ ಹಚ್ಚಿಸ್ಕೊಳ್ಳಿ. ಮಗು ನಂಗೆ ಬಿಡಿ.”

ಎವ್ರಾರ್ ನನ್ನ ಮುಖ ನೋಡಿದ. ನಾನು ಕಣ್ಣು ಕೆಕ್ಕರಿಸಿದೆ. ಕಟ್ಟು ಕೊಟ್ಟುಬಿಟ್ಟ.

ಹನ್ನ ಯಾರೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಲ್ಲದೆ ಅತ್ತೂ ಅತ್ತೂ ಸಮುವೇಲನನ್ನು ಪಡೆದು, ಹರಕೆಯಂತೆ ಅವನನ್ನು ಯಾಜಕ ಏಲಿಯ ಕೈಗೆ ಒಪ್ಪಿಸಿದವಳು. ವರ್ಷಕ್ಕೊಮ್ಮೆ ಪುಟ್ಟ ಅಂಗಿ ಹೊಲಿದು ಒಯ್ಯುತ್ತಿದ್ದಳಂತೆ. ಅಂಗಿ ತೊಡಿಸುವ ನೆಪದಲ್ಲಾದರೂ ಮಗನ ಮುಖ ನೋಡುತ್ತಿದ್ದಳಲ್ಲ, ಪುಣ್ಯವಂತೆ.

ಕಥೆ ಶುರುವಾಗುವ ದೊಡ್ಡ ಅಕ್ಷರದ ಹೊಟ್ಟೆಯೊಳಗೆ, ಹನ್ನ ಮಗುವನ್ನು ಏಲಿಗೆ ಒಪ್ಪಿಸುವ ಚಿತ್ರ ಬರಬೇಕಿತ್ತು. ಪೆರೊನೆಲ್ ಮೊದಲು ಚಿನ್ನದ ರೇಕು ಕೂರಿಸಿ ನಾಯಿಹಲ್ಲಿನಿಂದ ಉಜ್ಜಿ ಹೊಳಪು ತಂದಳು. ಆಮೇಲೆ ಏಲಿಯ ನೀಲಿ ನಿಲುವಂಗಿ, ಹನ್ನಳ ತಲೆವಸ್ತ್ರ, ಮಗುವಿನ ಕೆಂಪು ಅಂಗಿ. ಮುಖಗಳು ಯಾವತ್ತೂ ಕೊನೆಗೆ. ಏಲಿಗೂ ಹನ್ನಳಿಗೂ ಮುಖ ಬಂತು. ಮಗುವಿನ ಹತ್ತಿರ ಕೈ ನಿಂತಿತು.

“ಬರಿಯೇ ಮಾರಾಯ್ತಿ. ಸಾವಿರ ಮುಖ ಬರೆದಿದೀಯ.”

“ಸಾವಿರ ಅಲ್ಲ, ಒಂದೇ. ಗುರುಗಳು ಕಲಿಸಿದ್ದು ಒಂದೇ ಮುಖ. ಅದನ್ನೇ ಎಲ್ರಿಗೂ ಅಂಟಿಸ್ತಾ ಬಂದೆ. ಇವಳಿಗೆ ಅದು ಬೇಡ.”

ಸಮುವೇಲನನ್ನು ಅವಳು ‘ಇವಳು’ ಎಂದದ್ದನ್ನು ನಾನು ತಿದ್ದಲಿಲ್ಲ. ಚೂರು ಚರ್ಮದ ಮೇಲೆ ಬರೆದಳು, ಕೆರೆದಳು, ಮತ್ತೆ ಬರೆದಳು. ಹಲ್ಲಿಲ್ಲದ ಮಗು ಬಂತು. ಅದನ್ನು ನೋಡಿ, “ಇದು ಎಲ್ಲೂ ಇಲ್ಲ ಈಗ” ಎಂದು ಒಲೆಗೆ ಹಾಕಿದಳು. ಅಷ್ಟರಲ್ಲಿ ಎವ್ರಾರ್ ಬಂದು ಗಡಿಬಿಡಿಯಲ್ಲಿ ಚಿನ್ನ ನೋಡಿ, ತಲೆಯಾಡಿಸಿ, ಕಟ್ಟನ್ನು ಎತ್ತಿಕೊಂಡು ಹೋದ. ಹೆಸರುಕಾಳಿನಷ್ಟು ಜಾಗ ಬಿಳಿಯಾಗಿ ಉಳಿದದ್ದು ಅವನ ಕಣ್ಣಿಗೆ ಬೀಳಲಿಲ್ಲ. ಹೊಲಿಯಲು ಕಟ್ಟು ನನ್ನ ಮನೆಗೆ ಬಂದಾಗ ನನ್ನ ಕಣ್ಣಿಗೆ ಬಿತ್ತು. ಬಾಯಿಬಡುಕಿ ಎಂದು ಹೆಸರಾದ ನಾನು ಅಂದು ತುಟಿ ಬಿಚ್ಚದೆ ಹೊಲಿದು ಕಳಿಸಿದೆ.

ಆಮೇಲಿನ ಈಸ್ಟರಿಗೆ ಅವಳು ಜಾಲರಿಯ ಮುಂದೆ ಕೂತು ಬಂದಳು. ಪಕ್ಕದಲ್ಲಿ ಹಿರಿಯ ಸನ್ಯಾಸಿನಿ ಕಾವಲಿದ್ದಳಂತೆ, ಪುಸ್ತಕದ ಸುದ್ದಿ ಎತ್ತಲು ಧೈರ್ಯ ಬರಲಿಲ್ಲವಂತೆ.

ಎರಡು ಚಳಿಗಾಲ ಕಳೆದವು. ಒಂದು ಬೆಳಿಗ್ಗೆ ಮಠದ ಆಳು ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟ. ಯಾರೋ ಬೀಳಿಸಿ ಹಲಗೆ ಸೀಳಿತ್ತು. ಅವನು ಬಾಗಿಲು ದಾಟುವುದೇ ತಡ, ಹನ್ನಳ ಹಾಳೆ ತೆರೆದೆ. ನೋಡಿದವಳೇ ಬೀದಿ ದಾಟಿ ಓಡಿದೆ, ಪೆರೊನೆಲಳ ಕೈಯಲ್ಲಿದ್ದ ಕುಂಚ ಕಿತ್ತಿಟ್ಟು ಎಳೆದುಕೊಂಡು ಬಂದೆ.

ಬಿಳಿಯ ಜಾಗದಲ್ಲಿ ಮುಖವಿತ್ತು. ಪಳಗದ ಕೈ, ಗೆರೆ ಒಂದಿಷ್ಟು ದಪ್ಪ. ಮಗುವಿನ ಮೈಮೇಲೆ ಇಪ್ಪತ್ತರ ಹೆಣ್ಣಿನ ಮುಖ. ಉದ್ದ ಮೂಗು, ಕೂಡಿದ ಹುಬ್ಬು. ಒಪ್ಪಿಸಿಕೊಟ್ಟ ಮಗು ಯಾಜಕನ ಕಡೆ ನೋಡಬೇಕೆಂಬುದು ಚಿತ್ರದ ಕ್ರಮ. ಇದು ಕತ್ತು ಹಿಂದಕ್ಕೆ ತಿರುಗಿಸಿ ಹನ್ನಳನ್ನು ನೋಡುತ್ತಿತ್ತು.

ಇದು ಎಡೆಲಿನ್ ಬರೆದದ್ದೇ ಆಗಬೇಕಿಲ್ಲ, ಮಠದಲ್ಲಿ ಕುಂಚ ಹಿಡಿಯುವವರು ಬೇರೆ ಯಾರಾದರೂ ಇರಬಹುದು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಮೂಗು ಅವರಪ್ಪಂದು” ಎಂದಳು ಪೆರೊನೆಲ್. ಭಕ್ತರು ಚಿತ್ರಕ್ಕೆ ಮುತ್ತಿಟ್ಟು ಬಣ್ಣ ಕೆಡಿಸುತ್ತಾರೆಂದು ಜೀವಮಾನವೆಲ್ಲ ಬೈದವಳು, ತುಟಿಯನ್ನು ಹಾಳೆಯ ಹತ್ತಿರಕ್ಕೆ ತಂದು ಹಾಗೇ ನಿಲ್ಲಿಸಿದಳು. ಕಣ್ಣೀರು ಹಾಳೆಗೆ ಬೀಳದಂತೆ ಎರಡೂ ಅಂಗೈಗಳನ್ನು ಗಲ್ಲಕ್ಕೆ ಒಡ್ಡಿದ್ದಳು.

“ಹಲಗೆ ಕಟ್ಟೋಕೆ ಎಷ್ಟು ಹೊತ್ತು ಬೇಕು ನಿಂಗೆ?”

“ಸಂಜೆಗೆ ಮುಗಿಯುತ್ತೆ.”

ಅವಳು ನನ್ನನ್ನೇ ನೋಡಿದಳು.

ಸಂಜೆ ಮಠದ ಆಳು ಬಂದ. ಅಂಟು ಇನ್ನೂ ಒಣಗಿಲ್ಲ, ನಾಳೆ ಬಾ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಅದರ ಮರುದಿನವೂ.