ಹತ್ತೂವರೆಯವರೆಗೆ ಕ್ಯಾರವಾನ್‌ನಲ್ಲಿ

ಮೆಲ್ಬರ್ನ್‌ನಲ್ಲಿ ಕೊಂಡ ಹಳೇ ಕ್ಯಾರವಾನನ್ನು, ಆ ಚಕ್ರದ ಮೇಲಿನ ಪುಟ್ಟ ಮನೆಯನ್ನು, ಕಾರಿಗೆ ಸಿಕ್ಕಿಸಿ ಆಗಿತ್ತು. ಆದರೆ ಶನಿವಾರದ ರಾಹುಕಾಲ ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು. ‘ರೀ, ಹತ್ತೂವರೆ ತನಕ ಇವರನ್ನ ಏನಾದ್ರೂ ಕೇಳ್ತಾ ಇರಿ’ ಎಂದು ಗಂಡನಿಗೆ ಗೊಣಗಿದೆ. ಮಾರಿದವರು ಎಪ್ಪತ್ತು ದಾಟಿದ ಆಸ್ಟ್ರೇಲಿಯನ್. ಮೇಲೇಳುವ ಚಾವಣಿಯನ್ನು ಮೂರು ಸಲ ಎತ್ತಿ ಇಳಿಸಿ ತೋರಿಸಿದರು. ನಾನು ಒಲೆ ಹಚ್ಚಿಸಿದೆ, ಕಪಾಟು ತೆಗೆಸಿದೆ, ಒಳಗೇ ಕೂತು ಅವರು ಸುತ್ತಿದ ಮಣ್ಣುದಾರಿಗಳ ಕಥೆ ಕೇಳಿದೆ. ಕಣ್ಣೆಲ್ಲ ವಾಚಿನ ಮೇಲೆ. ಹತ್ತೂವರೆಯಾಗುತ್ತಲೇ ದಡಕ್ಕನೆ ಎದ್ದೆ.

ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿ, ‘ನನ್ನ ಹೆಂಡತಿ ಹೋದಮೇಲೆ ಈ ಪ್ರವಾಸಗಳ ಬಗ್ಗೆ ಯಾರೂ ಇಷ್ಟು ಹೊತ್ತು ಕೂತು ಕೇಳಿರಲಿಲ್ಲ. ಥ್ಯಾಂಕ್ಸ್’ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆಮೇಲೆ ಅದರಲ್ಲಿ ಸಿಡ್ನಿವರೆಗೂ ಸುತ್ತಿದ್ದೇವೆ. ಒಲೆ ಹಚ್ಚುವಾಗಲೆಲ್ಲ ನೆನಪಿಸಿಕೊಳ್ಳಲು ನೋಡುತ್ತೇನೆ. ಅವರು ಹೇಳಿದ ಒಂದು ಕಥೆಯೂ ನನಗೆ ನೆನಪಿಲ್ಲ.