ಯೆಸೇನಿಯಾ ಕಟ್ಟಿದ ಸೋದರಿ ಸಂಘ

ಅಮೆರಿಕದ ಮಿಲ್ವಾಕಿಯ ಮೆಕ್ಸಿಕನ್ ಬೇಕರಿಯವರ ಮಗಳು ಯೆಸೇನಿಯಾ ಬುಸ್ತಮಾಂತೆ ವಿಶ್ವವಿದ್ಯಾಲಯದಲ್ಲಿ ಸೋದರಿ ಸಂಘ ಕಟ್ಟಿದ್ದು ಲೋಕೋದ್ಧಾರಕ್ಕಲ್ಲ, ಬರೀ ಹೊಟ್ಟೆಯುರಿಗೆ. ಇದನ್ನು ಅವಳೇ ಎಲ್ಲರೆದುರು ಹೇಳಿಕೊಂಡು ನಗುತ್ತಾಳೆ. ಮೊದಲ ವರ್ಷ ಅಕ್ಕನ ಸ್ಕರ್ಟು ತೊಟ್ಟು, ಬಿಳಿ ಕಂಬಗಳ ದೊಡ್ಡ ಸೊರೊರಿಟಿ ಮನೆಗಳಿಗೆಲ್ಲ, ಅಂದರೆ ಆರಿಸಿದ ವಿದ್ಯಾರ್ಥಿನಿಯರಷ್ಟೇ ಸೇರಿ ಬಾಳುವ ಹಳೇ ಸೋದರಿ ಸಂಘಗಳಿಗೆ, ಸಂದರ್ಶನಕ್ಕೆ ಹೋಗಿದ್ದಳು. ಎಲ್ಲ ಕಡೆಯೂ ತಲೆ ಒಂಚೂರು ವಾಲಿಸಿ, "ನಾವೇ ಫೋನ್ ಮಾಡ್ತೀವಿ, ಆಯ್ತಾ?" ಅಂದರು. ಪೆದ್ದಿ, ಸ್ನಾನಕ್ಕೂ ಏಳದೆ ಫೋನಿನ ಪಕ್ಕ ಕೂತಳು. ಬಂದದ್ದೊಂದೇ ಫೋನ್, ಅಮ್ಮನದು.

"ಹೋಗ್ಲಿ ಬಿಡೇ, ನಮ್ದೇ ಒಂದು ಮಾಡೋಣ. ಎಲ್ಲ ಬಣ್ಣದೋರೂ ಬರ್ಲಿ," ಅಂದಳು ರೂಮಿನ ಗೆಳತಿ, ಲಾವೋಸಿನಿಂದ ವಲಸೆ ಬಂದ ಹ್ಮಾಂಗ್ ಜನರ ಹುಡುಗಿ ಪಾಹುವಾ. ಕರಿಯರ ಹುಡುಗಿ ರೋಶೆಲ್ ಕೂಡ ಸೇರಿದಳು. ಇಂಥ ಸಂಘಗಳ ರೂಢಿಯಂತೆ ಹೆಸರಿಗೆ ಗ್ರೀಕ್ ಅಕ್ಷರ ಆರಿಸಿದ್ದಾಯ್ತು, ನೇರಳೆ ಜಾಕೆಟ್ ಬಂದದ್ದಾಯ್ತು. ಯೆಸೇನಿಯಾ ತಾನೇ ಅಧ್ಯಕ್ಷೆ ಅಂತ ಘೋಷಿಸಿಕೊಂಡದ್ದೂ ಆಯ್ತು. ಆದರೆ ನಾಲ್ವರಿಲ್ಲದೆ ವಿಶ್ವವಿದ್ಯಾಲಯ ಮಾನ್ಯತೆ ಕೊಡದು. ಶುಕ್ರವಾರವೇ ಕೊನೆಯ ದಿನ.

ಗುರುವಾರ ಬಂದವಳು ಇಂಗಾ ಟೋರ್ವಿಕ್, ಹಸು ಸಾಕುವವರ ಮಗಳು, ಕೆನೆಹಾಲಿನಂಥ ಬಿಳುಪು. ಇವಳಿಗ್ಯಾಕಪ್ಪಾ ನಮ್ಮ ಸಂಘ ಅನ್ನಿಸಿ ಯೆಸೇನಿಯಾ ಸೆಟೆದು ಕೂತಳು.

"ನಮ್ಮ ಸಂಘಕ್ಕೆ ನೀನು ಏನು ತರ್ತೀಯ?"

"ಚೀಸ್ ತಂದಿದೀನಿ," ಅಂದಳು ಇಂಗಾ, ಚೀಲ ಬಿಚ್ಚುತ್ತಾ.

ಉಳಿದಿಬ್ಬರೂ ನಕ್ಕರು. ಅಧ್ಯಕ್ಷೆ ನಗಲಿಲ್ಲ. ತಲೆ ತಾನಾಗೇ ಒಂಚೂರು ವಾಲಿತು. "ನಾವೇ ಫೋನ್ ಮಾಡ್ತೀವಿ, ಆಯ್ತಾ?"

ಇಂಗಾಳ ಮುಖ ಸಪ್ಪಗಾಯಿತು. "ದೊಡ್ಡ ಮನೆಗಳಲ್ಲೂ ಹೀಗೇ ಅಂದ್ರು," ಅಂತ ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

"ಅಬ್ಬಬ್ಬಾ, ತಲೆ ವಾಲಿಸೋದನ್ನೂ ಕಲಿತುಬಿಟ್ಟಿದಾಳೆ ಮಹಾತಾಯಿ!" ಅಂದಳು ರೋಶೆಲ್.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಯೆಸೇನಿಯಾಗೆ. ಬರೀ ಕಾಲುಚೀಲದಲ್ಲೇ ಹಿಮಕ್ಕೆ ಓಡಿದಳು. "ಇಂಗಾ, ನಿಲ್ಲೇ! ನಂದು ತಪ್ಪಾಯ್ತು. ಸೇರ್ಕೊಳ್ಳೇ, ದಮ್ಮಯ್ಯ."

ಇಂಗಾ ಅವಳ ಒದ್ದೆ ಪಾದಗಳನ್ನು ನೋಡಿದಳು. "ಯೋಚಿಸಿ ಹೇಳ್ತೀನಿ."

ತಾನೇ ಕಟ್ಟಿದ ಸಂಘದಲ್ಲಿ ತನ್ನನ್ನೇ ತೂಗಿ ನೋಡುವವಳೊಬ್ಬಳು ಬಂದಳಲ್ಲ ಅಂತ ಯೆಸೇನಿಯಾಗೆ ಊಟ ಸೇರಲಿಲ್ಲ.

ಮರುದಿನ ವಿಶ್ವವಿದ್ಯಾಲಯದ ಕಚೇರಿ ಮುಚ್ಚುವ ಹೊತ್ತಿಗೆ ಇಂಗಾ ಬಂದಳು. "ಸೇರ್ತೀನಿ. ಆದ್ರೆ ಇನ್ಮೇಲೆ ಬರೋ ಹುಡುಗೀರ ಸಂದರ್ಶನಕ್ಕೆ ಇವಳು ಕೂರಬಾರದು."

ಪಾಹುವಾ ತಕ್ಷಣ ಕೈ ಎತ್ತಿದಳು. ರೋಶೆಲ್ ಎರಡೂ ಕೈ ಎತ್ತಿದಳು. ಸಂಘದ ಮೊತ್ತಮೊದಲ ನಿರ್ಣಯ ಅದು. ಅಧ್ಯಕ್ಷೆ ಮೂಗೊರೆಸಿಕೊಂಡು ತನ್ನ ಕೈಯನ್ನೂ ಎತ್ತಿದಳು.